ಮಾರೋ ಸ್ವಾತಂತ್ರ್ಯ ಯಾರಿಗೆ? ಶೆಣೈ, ಬಾಬಾಸಾಹೇಬರು ಮತ್ತು ನಂದಿ ಬೆಟ್ಟದ ಕೆಳಗಿನ ಜಮೀನು



ಪೋಸ್ಟು ಉದ್ದ ಇದೆ. ಬಸ್ಸಲ್ಲಿ ಕೂತಾಗಲೋ, ರಾತ್ರಿ ಊಟ ಆದ ಮೇಲೋ ನಿಧಾನಕ್ಕೆ ಓದಿ. ಪೂರ್ತಿ ಓದಿ ಆಮೇಲೆ ಜಗಳಕ್ಕೆ ಬನ್ನಿ, ಬೇಡ ಅನ್ನಲ್ಲ.

ನಮ್ಮ ಹುಡುಗರಲ್ಲಿ ಈಗೊಂದು ಹೊಸ ವಾದ ಶುರುವಾಗಿದೆ. "ಬಾಬಾಸಾಹೇಬರು ಲಿಬರ್ಟೇರಿಯನ್, ಸರ್ಕಾರ ದುಡ್ಡಿನ ತಂಟೆಗೆ ಬರಬಾರದು ಅಂದವರು" ಅಂತ ಒಬ್ಬ. "ಸುಮ್ನಿರೋ, ಭೂಮಿನೆಲ್ಲಾ ರಾಷ್ಟ್ರೀಕರಣ ಮಾಡಿ ಅಂದವರು ಅವರು" ಅಂತ ಇನ್ನೊಬ್ಬ. ಒಬ್ಬ 1923ರ ಪುಸ್ತಕದ ಪುಟ ತೋರಿಸ್ತಾನೆ, ಇನ್ನೊಬ್ಬ 1947ರದ್ದು. ಮಜಾ ಏನಂದ್ರೆ ಇಬ್ಬರು ಹೇಳೋದೂ ಪುಸ್ತಕದಲ್ಲಿದೆ. ಬರೀ ಓದುಬರಹದ ಜಗಳ ಆಗಿದ್ದರೆ ಬಿಟ್ಟುಬಿಡ್ತಿದ್ದೆ. ಆದರೆ ಇದರ ಹಿಂದೆ ಜಮೀನಿದೆ. ನಮ್ಮ ತಾತಂದಿರಿಗೆ ಸರ್ಕಾರ ಕೊಟ್ಟ ಎಕರೆ, ಅರ್ಧ ಎಕರೆ ಜಮೀನು. ಅಲ್ಲಿಗೆ ಕೊನೇಲಿ ಬರ್ತೀನಿ. ಮೊದಲು ಚರಿತ್ರೆ.

ಲಿಬರ್ಟೇರಿಯನ್ ಅಂದ್ರೆ ಯಾರು? ನನ್ನ ಮೈ ನಂದು, ನನ್ನ ದುಡಿಮೆ ನಂದು, ನನ್ನ ಆಸ್ತಿ ನಂದು. ಯಾರಿಗೂ ಹೊಡೆಯದೆ, ಮೋಸ ಮಾಡದೆ ನಾನು ಏನಾದ್ರೂ ಮಾಡ್ಕೋತೀನಿ. ಸರ್ಕಾರ ಪೊಲೀಸು, ಕೋರ್ಟು, ದೇಶದ ಗಡಿ ಇಷ್ಟು ನೋಡ್ಕೊಂಡು ತೆಪ್ಪಗಿರಲಿ. ಇದು ಅವರ ಮಾತು. "ಅದೆಲ್ಲ ಅಮೆರಿಕದ್ದು ಬಿಡಿ" ಅಂತ ನಮ್ಮೋರು ಮೂಗು ಮುರೀತಾರೆ. ಆದರೆ ಈ ವಿಚಾರಕ್ಕೆ ಹತ್ತಿರ ಇದ್ದ, ಇಡೀ ದೇಶದಲ್ಲಿ ಒಂಟಿಯಾಗಿ ನಿಂತು ಅದನ್ನ ಹೇಳಿದ ಒಬ್ಬ ಅರ್ಥಶಾಸ್ತ್ರಜ್ಞ ನಮ್ಮ ಗಡಿ ಸೀಮೆಯವರೇ. ಬಿ.ಆರ್. ಶೆಣೈ, ಅಂದ್ರೆ ಬೆಳ್ಳಿಕೋತ್ ರಘುನಾಥ ಶೆಣೈ. ಹುಟ್ಟಿದ್ದು 1905ರಲ್ಲಿ. ಬೆಳ್ಳಿಕೋತ್ ಈಗ ಕೇರಳದ ಕಾಸರಗೋಡು ಜಿಲ್ಲೇಲಿದೆ, ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಬನಾರಸಲ್ಲಿ ಓದಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದರು. ಅಲ್ಲಿ 1931ರಲ್ಲಿ ಹಾಯೆಕ್ ಅನ್ನೋ ಆಸ್ಟ್ರಿಯಾದ ವಿದ್ವಾಂಸ ಬಂದು ಉಪನ್ಯಾಸ ಕೊಟ್ಟರು, ಶೆಣೈ ಅದನ್ನ ಕೇಳಿ ಬದಲಾದರು. ಸರ್ಕಾರ ನೋಟು ಅಚ್ಚು ಹಾಕಿ ದೇಶ ಕಟ್ಟೋಕಾಗಲ್ಲ, ಉಳಿತಾಯದಿಂದ ಮಾತ್ರ ಕಟ್ಟಬಹುದು ಅನ್ನೋದು ಅವರ ತಲೇಲಿ ಕೂತಿತು. ಆಮೇಲೆ ರಿಸರ್ವ್ ಬ್ಯಾಂಕಲ್ಲಿ ಕೆಲಸ ಮಾಡಿದರು, ಗುಜರಾತ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1978ರಲ್ಲಿ ತೀರಿಕೊಂಡರು.

ಅವರ ಬದುಕಿನ ದೊಡ್ಡ ಘಟನೆ 1955ರದ್ದು. ಎರಡನೇ ಪಂಚವಾರ್ಷಿಕ ಯೋಜನೆ ತಯಾರಾಗ್ತಿತ್ತು. ಸರ್ಕಾರ ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರನ್ನೆಲ್ಲ ಕೂರಿಸಿ ಅಭಿಪ್ರಾಯ ಕೇಳಿತು. ಎಲ್ಲರೂ ಹೂಂ ಅಂದರು. ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಯೋಜನೇಲಿ 4,800 ಕೋಟಿ ಸರ್ಕಾರಿ ಖರ್ಚು, ಅದರಲ್ಲಿ 1,200 ಕೋಟಿ ಕೊರತೆ ಹಣಕಾಸು, ಅಂದ್ರೆ ಕೈಲಿಲ್ಲದ ದುಡ್ಡನ್ನ ಸೃಷ್ಟಿ ಮಾಡಿ ಖರ್ಚು ಮಾಡೋದು. ಇದರಿಂದ ಬೆಲೆ ಏರುತ್ತೆ, ವಿದೇಶಿ ವಿನಿಮಯ ಖಾಲಿಯಾಗುತ್ತೆ, ಹಿಡಿತ ತಪ್ಪಿದಾಗ ಸರ್ಕಾರ ಲೈಸೆನ್ಸು, ಪರ್ಮಿಟ್ಟು ಅಂತ ಕಟ್ಟು ಬಿಗೀತಾ ಹೋಗುತ್ತೆ ಅಂದರು. 1957ರಲ್ಲೇ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. 1966ರ ಜೂನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳೀತು. ಲೈಸೆನ್ಸು ಪರ್ಮಿಟ್ಟಿನ ಕಥೆ ನಿಮಗೇ ಗೊತ್ತು. ಆ ಲೈಸೆನ್ಸು ಯಾರ ಕೈಗೆ ಹೋಯ್ತು? ನಮ್ಮ ಕೇರಿಗಂತೂ ಒಂದೂ ಬರಲಿಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಚಳವಳೀಲಿ "ಸರ್ಕಾರದ್ದು ಅಂದ್ರೆ ಬಡವರದ್ದು, ಖಾಸಗಿ ಅಂದ್ರೆ ಶ್ರೀಮಂತರದ್ದು" ಅಂತ ಕಣ್ಣು ಮುಚ್ಚಿ ನಂಬೋ ಅಭ್ಯಾಸ ಇದೆ. ನಾನು ಇಪ್ಪತ್ತು ವರ್ಷದಿಂದ ಗುಮಾಸ್ತ. ಫೈಲು ಯಾರಿಗೆ ಓಡುತ್ತೆ, ಯಾರಿಗೆ ಕೂತ್ಕೊಳುತ್ತೆ ಅನ್ನೋದನ್ನ ದಿನಾ ನೋಡೋನು. ಅಪ್ಪಣೆ ಅನ್ನೋದು ಎಲ್ಲಿರುತ್ತೋ ಅಲ್ಲಿ ಅಪ್ಪಣೆಗೊಂದು ರೇಟೂ ಇರುತ್ತೆ. ಶೆಣೈ ಹೇಳಿದ್ದರಲ್ಲಿ ಈ ಭಾಗ ನಿಜ. ಒಪ್ಪಿಕೊಳ್ಳೋಕೆ ನಮಗೇನೂ ಸಂಕೋಚ ಬೇಡ.

ಇನ್ನು ಯೋಜನೆ ಅನ್ನೋ ಮಾತಿಗೆ ಬರೋಣ. ಸರ್ಕಾರ ಕೂತು ಇಡೀ ದೇಶದ ಆರ್ಥಿಕತೆಗೆ ಪ್ಲಾನು ಹಾಕಬೇಕು ಅಂತ 1934ರಲ್ಲೇ ಪುಸ್ತಕ ಬರೆದವರು ಯಾರು? ನಂದಿ ಬೆಟ್ಟದ ಬುಡದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. ಅಂದ್ರೆ ಯೋಜನೆಯ ದೊಡ್ಡ ವಕೀಲರು ನಮ್ಮೂರ ಪಕ್ಕದವರು, ಅದನ್ನ ವಿರೋಧಿಸಿದವರು ಕಾಸರಗೋಡು ಕಡೆಯವರು. ಇದರಲ್ಲಿ ನಮ್ಮವರು ಯಾರು? ಮೈಸೂರಲ್ಲಿ ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡೋ ಪ್ರಶ್ನೆ ಬಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಕ ಆದಾಗ, ಮೆರಿಟ್ಟು ಹೋಗುತ್ತೆ ಅಂತ ಭಿನ್ನಾಭಿಪ್ರಾಯ ಮಾಡಿ ದಿವಾನಗಿರಿ ಬಿಟ್ಟವರು ಇದೇ ವಿಶ್ವೇಶ್ವರಯ್ಯನವರು. ಕಾರ್ಖಾನೆ, ಅಣೆಕಟ್ಟು, ಬ್ಯಾಂಕು ಎಲ್ಲಕ್ಕೂ ಅವರ ಹತ್ತಿರ ಪ್ಲಾನಿತ್ತು. ಕೇರಿಗೆ ಇರಲಿಲ್ಲ. ಶೆಣೈ ಅವರ ಲೆಕ್ಕದಲ್ಲೂ ಉಳಿತಾಯ ಇತ್ತು, ಬಡ್ಡಿ ಇತ್ತು, ಬೆಲೆ ಇತ್ತು, ಜಾತಿ ಇರಲಿಲ್ಲ. ಸರ್ಕಾರ ಬೇಕು ಅಂದವರೂ ಬೇಡ ಅಂದವರೂ ಒಂದೇ ಜಾಗದಲ್ಲಿ ಕಣ್ಣು ಮುಚ್ಚಿದ್ದರು.

ಈಗ ಬಾಬಾಸಾಹೇಬರು. 1923ರಲ್ಲಿ ಅದೇ ಲಂಡನ್ ಸ್ಕೂಲಿನಿಂದ ಡಿ.ಎಸ್‌ಸಿ. ಪಡೆದ ಪ್ರಬಂಧ 'ದಿ ಪ್ರಾಬ್ಲಂ ಆಫ್ ದಿ ರುಪೀ'. ಮುನ್ನುಡಿ ಬರೆದವರು ಅವರ ಗುರು ಎಡ್ವಿನ್ ಕ್ಯಾನನ್. ಶಿಷ್ಯನ ಎಷ್ಟೋ ಟೀಕೆಗಳನ್ನ ತಾನು ಒಪ್ಪಲ್ಲ ಅಂತ ಮುನ್ನುಡೀಲೇ ಬರೆದ ಪುಣ್ಯಾತ್ಮ ಅವರು. ಆದರೂ ವಾದದ ಹೊಸತನವನ್ನ ಮೆಚ್ಚಿದ್ದಾರೆ. ಅದೇ ಕ್ಯಾನನ್ನರ ಇನ್ನೊಬ್ಬ ಶಿಷ್ಯ ರಾಬಿನ್ಸ್. ಹಾಯೆಕ್‌ರನ್ನ ಲಂಡನ್‌ಗೆ ಕರೆಸಿದ್ದು ಇದೇ ರಾಬಿನ್ಸ್. ಅಂದ್ರೆ ಬಾಬಾಸಾಹೇಬರೂ ಶೆಣೈ ಅವರೂ ಒಂದೇ ಶಾಲೆಯ ಹಳೇ ವಿದ್ಯಾರ್ಥಿಗಳು, ಹತ್ತು ವರ್ಷ ಹಿಂದೆ ಮುಂದೆ.

ಪುಸ್ತಕದಲ್ಲಿ ಏನಿದೆ? ಮೊದಲು ಯಾರು ಬೇಕಾದರೂ ಬೆಳ್ಳಿ ತಗೊಂಡು ಹೋಗಿ ಟಂಕಸಾಲೇಲಿ ರೂಪಾಯಿ ಮಾಡಿಸ್ಕೋಬಹುದಿತ್ತು. 1870ರ ದಶಕದಿಂದ ಬೆಳ್ಳಿ ಬೆಲೆ ಬೀಳ್ತಾ ಬಂತು, ಬ್ರಿಟಿಷ್ ಸರ್ಕಾರ ಲಂಡನ್‌ಗೆ ಕಟ್ಟಬೇಕಾದ ಹಣ ಭಾರವಾಯ್ತು. 1893ರಲ್ಲಿ ಟಂಕಸಾಲೆ ಬಾಗಿಲನ್ನ ಜನರಿಗೆ ಮುಚ್ಚಿದರು. ಅಲ್ಲಿಂದ ರೂಪಾಯಿ ಅಂದ್ರೆ ಅದರೊಳಗಿನ ಬೆಳ್ಳಿ ಬೆಲೆಗಿಂತ ಹೆಚ್ಚು ಮುಖಬೆಲೆ ಇರೋ ನಾಣ್ಯ. ಎಷ್ಟು ಹೊಡೀಬೇಕು ಅನ್ನೋದು ಸರ್ಕಾರದ ಮರ್ಜಿ. ಈ ಏರ್ಪಾಡನ್ನ ಕೇನ್ಸ್ ಅನ್ನೋ ಜಗತ್ಪ್ರಸಿದ್ಧ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1913ರಲ್ಲಿ ಹೊಗಳಿ ಪುಸ್ತಕ ಬರೆದಿದ್ದರು. ನಮ್ಮ ಮಹಾರ್ ಜಾತಿಯ ವಿದ್ಯಾರ್ಥಿ ಎದ್ದು ನಿಂತು, ಇದು ತಪ್ಪು ಅಂದರು. ನಾಣ್ಯದ ಮೇಲೆ ಸರ್ಕಾರಕ್ಕೆ ಇಷ್ಟು ಮರ್ಜಿ ಇರಬಾರದು, ಮಿತಿ ಕಾನೂನಲ್ಲೇ ಕಟ್ಟಿರಬೇಕು. ರೂಪಾಯಿಗೆ ಹೊರಗಡೆ ಎಷ್ಟು ಪೆನ್ಸು ಸಿಗುತ್ತೆ ಅನ್ನೋದಕ್ಕಿಂತ, ಒಳಗಡೆ ಅದಕ್ಕೆ ಎಷ್ಟು ಕಾಳು ಬರುತ್ತೆ ಅನ್ನೋದು ಮುಖ್ಯ ಅಂದರು. ಕಾಳು ಅನ್ನೋದು ನನ್ನ ಮಾತು, ವಿಚಾರ ಅವರದು.

1925ರ ಡಿಸೆಂಬರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಇದೇ ವಾದ ಇಟ್ಟರು. ಆಗ ದೊಡ್ಡ ಗಲಾಟೆ: ರೂಪಾಯಿ 1 ಶಿಲಿಂಗ್ 4 ಪೆನ್ಸ್ ಇರಬೇಕೋ, 6 ಪೆನ್ಸ್ ಇರಬೇಕೋ. ಬೊಂಬಾಯಿ ಮಿಲ್ ಮಾಲೀಕರೆಲ್ಲ 4 ಪೆನ್ಸ್ ಕಡೆ, ಅದೇ ದೇಶಭಕ್ತಿ ಅಂತ ಪ್ರಚಾರ. ಬಾಬಾಸಾಹೇಬರು ಆ ವರ್ಷಗಳಲ್ಲಿ ಬರೆದಿದ್ದನ್ನ ಓದಿದರೆ ಮೈ ಜುಂ ಅನ್ನುತ್ತೆ. ರೂಪಾಯಿ ಬೆಲೆ ಇಳಿಸಿದರೆ ವ್ಯಾಪಾರಿಗೆ ಲಾಭ ನಿಜ, ಆದರೆ ಆ ಲಾಭ ಹೊರದೇಶದಿಂದ ಬರಲ್ಲ, ಇಲ್ಲಿನ ಕೂಲಿಯವನ ಜೇಬಿಂದಲೇ ಬರುತ್ತೆ ಅಂದರು. ಬೆಲೆ ಓಡುತ್ತೆ, ಕೂಲಿ ಕುಂಟುತ್ತೆ. ಇಡೀ ದೇಶ ರೂಪಾಯಿಯನ್ನ ಬ್ರಿಟಿಷ್ ವರ್ಸಸ್ ಭಾರತ ಅಂತ ನೋಡ್ತಿದ್ದಾಗ, ಅವರು ರೂಪಾಯಿಯೊಳಗೆ ಮಾಲೀಕನನ್ನೂ ಕೂಲಿಯವನನ್ನೂ ನೋಡಿದರು.

ಇಲ್ಲಿ ನಮ್ಮೋರಿಗೆ ಎರಡು ಮಾತು, ಬೇಜಾರು ಮಾಡ್ಕೋಬೇಡಿ. ಒಂದು: "ರಿಸರ್ವ್ ಬ್ಯಾಂಕ್ ಕಟ್ಟಿದ್ದೇ ಬಾಬಾಸಾಹೇಬರು" ಅಂತ ಪ್ರತಿ ಏಪ್ರಿಲ್‌ನಲ್ಲಿ ಪೋಸ್ಟರ್ ಹಾಕ್ತೀವಿ. ಆಯೋಗ ಅವರ ಮಾತು ಕೇಳಿತು, ಆದರೆ ಶಿಫಾರಸು ಮಾಡಿದ್ದು ಬೇರೆ ವ್ಯವಸ್ಥೆ. ಅವರು ಕೇಳಿದ್ದು ಸರ್ಕಾರದ ಕೈ ಕಟ್ಟೋ ನಾಣ್ಯ ಪದ್ಧತಿ, ಅದು ಬರಲಿಲ್ಲ. 1935ರಲ್ಲಿ ಬ್ಯಾಂಕು ಬಂತು. ಸೋತ ವಾದವನ್ನ ಗೆದ್ದ ವಾದ ಅಂತ ಪೋಸ್ಟರ್ ಹಾಕಿದರೆ, ವಾದ ಏನಿತ್ತು ಅನ್ನೋದೇ ಮರೆತುಹೋಗುತ್ತೆ. ಎರಡು: 2016ರ ನವೆಂಬರ್ 8ರ ನೋಟು ರದ್ದಾದಾಗ "ಹತ್ತು ವರ್ಷಕ್ಕೊಮ್ಮೆ ನೋಟು ಬದಲಾಯಿಸಿ ಅಂತ ಅಂಬೇಡ್ಕರ್ ಬರೆದಿದ್ದಾರೆ" ಅಂತ ಮೆಸೇಜು ಹರಿದಾಡಿತು. ನಮ್ಮೋರೂ ಫಾರ್ವರ್ಡ್ ಮಾಡಿದರು. ಆ ಪುಸ್ತಕದಲ್ಲಿ ಅಂಥ ಮಾತಿಲ್ಲ. ಸರ್ಕಾರದ ಮರ್ಜಿಯಿಂದ ರೂಪಾಯಿಯನ್ನ ಕಾಪಾಡಿ ಅಂತ ಇಡೀ ಪುಸ್ತಕ ಬರೆದವರ ಹೆಸರನ್ನ, ಚಲಾವಣೆಯಲ್ಲಿದ್ದ ಹಣದಲ್ಲಿ ಮೌಲ್ಯದ ಲೆಕ್ಕಕ್ಕೆ 86 ಭಾಗವನ್ನ ನಾಲ್ಕು ಗಂಟೆ ನೋಟೀಸಲ್ಲಿ ರದ್ದು ಮಾಡಿದ್ದಕ್ಕೆ ಬಳಸಿದರು! ಬ್ಯಾಂಕ್ ಮುಂದೆ ಕ್ಯೂ ನಿಂತವರಲ್ಲಿ ನಮ್ಮ ಅಕ್ಕಂದಿರೇ ಜಾಸ್ತಿ ಇದ್ದರು, ಸಾಸಿವೆ ಡಬ್ಬೀಲಿ ಬಚ್ಚಿಟ್ಟಿದ್ದ ನೋಟು ಹಿಡ್ಕೊಂಡು.

ದುಡ್ಡು ಅಂದ್ರೆ ನಂಬಿಕೆ ಅಂತ ಅರ್ಥಶಾಸ್ತ್ರದವರು ಹೇಳ್ತಾರೆ. ಸರಿ. ಆದರೆ ನಂಬಿಕೆಗೂ ಇಲ್ಲಿ ಜಾತಿ ಇದೆ. ನಮ್ಮಜ್ಜಿ ಹೇಳ್ತಿದ್ದಳು: ಅಂಗಡಿ ಹತ್ರ ದೂರ ನಿಂತು ನಾಣ್ಯ ನೆಲದ ಮೇಲೆ ಇಡಬೇಕಿತ್ತಂತೆ. ಶೆಟ್ಟರು ಅದರ ಮೇಲೆ ನೀರು ಚಿಮುಕಿಸಿ ಎತ್ಕೋತಿದ್ದರು. ಉಪ್ಪನ್ನ ಮೇಲಿಂದ ಸೆರಗಿಗೆ ಹಾಕೋರು. ರಾಜನ ಮುಖ ಇರೋ ನಾಣ್ಯಕ್ಕೂ ಮಡಿ! ಆದರೂ ಅಜ್ಜಿ ಇನ್ನೊಂದನ್ನೂ ಹೇಳ್ತಿದ್ದಳು. ಅಜ್ಜ ಜೀತ ಇದ್ದಾಗ ವರ್ಷಕ್ಕೆ ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಚಪ್ಪಲಿ. ರಾಗಿ ಉಣ್ಣಬಹುದು, ರಾಗಿ ಹಿಡ್ಕೊಂಡು ಬಸ್ ಹತ್ತೋಕಾಗಲ್ಲ. ಕೈಗೆ ದುಡ್ಡು ಅಂತ ಬಂದ ಮೇಲೇನೇ ಮಗನನ್ನ ಊರಾಚೆ ಸ್ಕೂಲಿಗೆ ಕಳಿಸಿದ್ದು. ಹಾಗಾಗಿ ದುಡ್ಡು, ಮಾರುಕಟ್ಟೆ ಅಂದ್ರೆ ಶತ್ರು ಅಂತ ನಾನು ಹೇಳಲ್ಲ. ಚಂದ್ರಭಾನ್ ಪ್ರಸಾದ್ ಥರದವರು ಬಂಡವಾಳವೇ ಜಾತಿ ಮುರಿಯುತ್ತೆ ಅಂತ ವಾದ ಮಾಡ್ತಾರೆ, 2005ರಲ್ಲಿ ಪುಣೆಯಲ್ಲಿ ದಲಿತ ಉದ್ಯಮಿಗಳದ್ದೇ ವಾಣಿಜ್ಯ ಸಂಸ್ಥೆ ಡಿಕ್ಕಿ ಶುರುವಾಯ್ತು. ನಮ್ಮ ಕಡೆಯಿಂದ ದಿನಾ ಬೆಂಗಳೂರಿನ ಗಾರ್ಮೆಂಟ್ಸ್ ಬಸ್ಸು ಹತ್ತೋ ಹೆಣ್ಣುಮಕ್ಕಳನ್ನ ಕೇಳಿ, ಮೆಷಿನ್ನಿನ ಮುಂದೆ ಜಾತಿ ಕೇಳಲ್ಲ ಅಂತಾರೆ. ಬಾಡಿಗೆ ಮನೆ ಹುಡುಕುವಾಗ ಕೇಳ್ತಾರೆ ಅಂತಾನೂ ಅವರೇ ಹೇಳ್ತಾರೆ.

ಈಗ 1947. 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'. ಪರಿಶಿಷ್ಟ ಜಾತಿ ಒಕ್ಕೂಟದ ಪರವಾಗಿ ಸಂವಿಧಾನ ಸಭೆಗೆ ಕೊಟ್ಟ ಮನವಿ. ಮುಖ್ಯ ಕೈಗಾರಿಕೆ ಸರ್ಕಾರದ್ದು, ವಿಮೆ ಸರ್ಕಾರದ್ದು, ಕೃಷಿ ಭೂಮಿ ಸರ್ಕಾರದ್ದು, ಊರಿನವರು ಜಾತಿ ಭೇದ ಇಲ್ಲದೆ ಒಟ್ಟಾಗಿ ಉಳಬೇಕು. ಲಿಬರ್ಟೇರಿಯನ್ನರಿಗೆ ನೇರ ಉತ್ತರ ಇರೋದು ಇಲ್ಲೇ. ಸರ್ಕಾರ ಹಿಂದೆ ಸರಿದರೆ ಸ್ವಾತಂತ್ರ್ಯ ಉಳಿಯುತ್ತೆ ಅಂತೀರಲ್ಲ, ಯಾರ ಸ್ವಾತಂತ್ರ್ಯ ಅಂತ ಕೇಳ್ತಾರೆ. ಗೇಣಿ ಏರಿಸೋಕೆ ಜಮೀನ್ದಾರನಿಗೆ, ಕೂಲಿ ಇಳಿಸೋಕೆ ಮಾಲೀಕನಿಗೆ ಸ್ವಾತಂತ್ರ್ಯ. ಹಸಿದವನು ಕೆಲಸಕ್ಕೋಸ್ಕರ ತನ್ನ ಹಕ್ಕನ್ನೇ ಒತ್ತೆ ಇಡ್ತಾನೆ. ಸರ್ಕಾರದ ಹಿಡಿತದಿಂದ ತಪ್ಪಿಸಿಕೊಂಡು ಖಾಸಗಿ ಧಣಿಯ ಹಿಡಿತಕ್ಕೆ ಬಿದ್ದ ಹಾಗೆ.

ಹಾಗಾದ್ರೆ 1923ರ ಬಾಬಾಸಾಹೇಬರು ಬೇರೆ, 1947ರವರು ಬೇರೆನಾ? ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನನಗೆ ಕಾಣೋದು ಒಬ್ಬರೇ. ಎರಡರಲ್ಲೂ ಅವರು ಹುಡುಕ್ತಿರೋದು ಒಂದೇ: ಲಗಾಮಿಲ್ಲದ ಅಧಿಕಾರ ಯಾರ ಕೈಲಿದೆ? ನಾಣ್ಯದಲ್ಲಿ ಅದು ಸರ್ಕಾರದ ಕೈಲಿತ್ತು, ಕಾನೂನಿಂದ ಕಟ್ಟಿ ಅಂದರು. ಹೊಲದಲ್ಲಿ ಅದು ಭೂಮಾಲೀಕನ ಕೈಲಿತ್ತು, ಅದನ್ನೂ ಕಟ್ಟಿ ಅಂದರು. ಅಷ್ಟೇ ಅಲ್ಲ, ಈ ಭೂಮಿ ವ್ಯವಸ್ಥೆಯನ್ನ ಸಂವಿಧಾನದಲ್ಲೇ ಬರೀಬೇಕು, ಐದು ವರ್ಷಕ್ಕೊಮ್ಮೆ ಬರೋ ಬಹುಮತ ಅದನ್ನ ಅಳಿಸೋ ಹಾಗಿರಬಾರದು ಅಂದರು. ನಾಣ್ಯದ ವಿಷಯದಲ್ಲಿ ಮಂತ್ರಿಯ ಮರ್ಜಿ ನಂಬದವರು ಭೂಮಿ ವಿಷಯದಲ್ಲೂ ನಂಬಲಿಲ್ಲ. ಶೆಣೈ ಅವರಿಗೂ ಇವರಿಗೂ ವ್ಯತ್ಯಾಸ ಇಷ್ಟೇ, ಆದರೆ ಬೆಟ್ಟದಷ್ಟು: ಶೆಣೈ ಅವರಿಗೆ ವಿಧಾನಸೌಧದ ದಬ್ಬಾಳಿಕೆ ಕಾಣುತ್ತೆ, ಊರಿನ ಚಾವಡಿಯ ದಬ್ಬಾಳಿಕೆ ಕಾಣಲ್ಲ.

ಪೊಲೀಸು, ಕೋರ್ಟು ಇದ್ದರೆ ಸಾಕು ಅಂತಾರಲ್ಲ, ಅಂಥ ಸರ್ಕಾರಕ್ಕೆ ಅವರ ಪುಸ್ತಕದಲ್ಲಿ 'ರಾತ್ರಿ ಕಾವಲುಗಾರ' ಅಂತ ಹೆಸರಿದೆ. ಓದಿದಾಗ ನಗು ಬಂತು. ರಾತ್ರಿ ಕಾವಲು ಯಾರ ಕೆಲಸ ಆಗಿತ್ತು ನಮ್ಮೂರಲ್ಲಿ? ತೋಟಿ. ಊರಿನ ಹೊಲ ಕಾಯೋನು, ಗಡಿ ಕಲ್ಲು ಎಲ್ಲಿದೆ ಅಂತ ತೋರಿಸೋನು, ಸತ್ತ ಸುದ್ದಿ ಒಯ್ಯೋನು ನಮ್ಮ ತಾತ. ಎಲ್ಲರ ಆಸ್ತಿ ಕಾಯ್ದವನಿಗೆ ಸ್ವಂತ ಆಸ್ತಿ ಅಂದ್ರೆ ಇನಾಂತಿ ತುಂಡು, ಅದೂ ಚಾಕರಿ ಬಿಟ್ಟರೆ ಹೋಗುತ್ತೆ. ಮಹಾರಾಷ್ಟ್ರದಲ್ಲಿ ಇದಕ್ಕೇ ವತನ ಅನ್ನೋದು. 1928ರಲ್ಲಿ ಬೊಂಬಾಯಿ ಶಾಸನಸಭೇಲಿ ಬಾಬಾಸಾಹೇಬರು ಮಹಾರ್ ವತನದ ಮಸೂದೆ ತಂದರು. ಚಾಕರಿ ಹೋಗಲಿ, ಜಮೀನು ಉಳೀಲಿ ಅನ್ನೋದು ಅದರ ಗುರಿ. ಆಸ್ತಿ ಹಕ್ಕಿನ ಬೆಲೆ ಗೊತ್ತಿಲ್ಲದವರು ಅಂಥ ಮಸೂದೆ ತರಲ್ಲ. ನಮ್ಮಲ್ಲಿ ಗ್ರಾಮ ಹುದ್ದೆ ರದ್ದತಿ ಕಾಯ್ದೆ ಬಂದಿದ್ದು 1961ರಲ್ಲಿ.

ಇನ್ನು ಕಾವಲುಗಾರ ಸರ್ಕಾರ ನಮ್ಮನ್ನ ಕಾಯ್ದ ರೀತಿ. 2000ದ ಮಾರ್ಚ್ 11, ಚಿಂತಾಮಣಿ ತಾಲ್ಲೂಕು ಕಂಬಾಲಪಲ್ಲಿ. ಏಳು ಜನ ದಲಿತರನ್ನ ಮನೆಯೊಳಗೇ ಸುಟ್ಟರು. 2006ರಲ್ಲಿ ಕೋಲಾರದ ಕೋರ್ಟಲ್ಲಿ ಆರೋಪಿಗಳೆಲ್ಲ ಖುಲಾಸೆ, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡೀತು. ಇದರ ಬಗ್ಗೆ ಹೆಚ್ಚು ಬರೆಯೋಕೆ ಕೈ ಬರಲ್ಲ. ಪ್ರಾಣ, ಆಸ್ತಿ ಕಾಯೋ ಅಷ್ಟು ಚಿಕ್ಕ ಸರ್ಕಾರ ಕೂಡ ನಮಗೆ ಇನ್ನೂ ಪೂರ್ತಿ ಬಂದಿಲ್ಲ ಸ್ವಾಮಿ. ಅದನ್ನ ಇನ್ನೂ ಚಿಕ್ಕದು ಮಾಡಿ ಅಂತ ನಾವು ಹೇಗೆ ಕೇಳೋದು?

ಮುಕ್ತ ಮಾರುಕಟ್ಟೆ ನೋಡಬೇಕಾ? ಶಿಡ್ಲಘಟ್ಟಕ್ಕೆ ಬನ್ನಿ. ರೇಷ್ಮೆ ಗೂಡಿನ ಮಾರುಕಟ್ಟೆ. 1959ರ ಕಾಯ್ದೆ ಪ್ರಕಾರ ಬೆಳೆಗಾರ ಗೂಡನ್ನ ಸರ್ಕಾರಿ ಮಾರುಕಟ್ಟೇಲೇ ಮಾರಬೇಕು. ಮನೆ ಬಾಗಿಲಲ್ಲಿ ಮಾರೋ ಸ್ವಾತಂತ್ರ್ಯ ಇಲ್ಲ. ಶೆಣೈ ಶಿಷ್ಯರು ಇದನ್ನ ಬಲವಂತ ಅಂತಾರೆ, ಮಾತಿಗೆ ಅದೂ ಸರಿ. ಆದರೆ ಒಳಗೆ ಹೋಗಿ ನೋಡಿ. ಗೂಡು ಜಾಲರಿಗೆ ಸುರಿದ ಮೇಲೆ ಅದೊಂದು ಲಾಟ್ ನಂಬರು. ರೀಲರುಗಳು ಬಂದು ಕೈಯಲ್ಲಿ ಒತ್ತಿ ನೋಡ್ತಾರೆ, ಹರಾಜು ಕೂಗ್ತಾರೆ, ತೂಕ ಎಲ್ಲರ ಮುಂದೆ. ಲಾಟ್ ನಂಬರಿಗೆ ಜಾತಿ ಇಲ್ಲ. ನಮ್ಮ ಕೇರಿಯವರು ಬೆಳೆದ ಗೂಡಿಗೂ ಗೌಡರ ಗೂಡಿಗೂ ಎಳೆ ನೋಡಿ ಬೆಲೆ. ಅದೇ ಗೂಡನ್ನ ಮನೆ ಮುಂದೆ, ಮೊದಲೇ ಸಾಲ ಕೊಟ್ಟಿರೋ ಸಾಹುಕಾರನಿಗೆ ಮಾರೋ 'ಸ್ವಾತಂತ್ರ್ಯ' ಇದ್ದಿದ್ದರೆ ಯಾವ ಬೆಲೆ ಬರ್ತಿತ್ತು? ಸ್ಪರ್ಧೆ ಅನ್ನೋದು ತಾನಾಗಿ ಹುಟ್ಟಲ್ಲ, ಅದಕ್ಕೊಂದು ಛಾವಣಿ, ಒಂದು ತಕ್ಕಡಿ, ತೂಕಕ್ಕೊಬ್ಬ ಸರ್ಕಾರಿ ನೌಕರ ಬೇಕಾಯ್ತು.

ಈಗ ಜಮೀನು. ನಂದಿ ಕಡೆ ನಮ್ಮ ಒಬ್ಬ ಹುಡುಗ, ಓದಿದೋನು, ಬೆಂಗಳೂರಲ್ಲಿ ಕೆಲಸ. ಅವನ ತಾತನಿಗೆ ಮಂಜೂರಾದ ಜಮೀನಿದೆ. 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟು ಶುರುವಾದ ಮೇಲೆ ಆ ಕಡೆ ಬೆಲೆ ಏನಾಗಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. "ಅಣ್ಣ, ಗೌಡರ ಜಮೀನು ಗೌಡರು ಮಾರ್ಕೋತಾರೆ. ನಂದು ನಾನು ಮಾರೋಕೆ ಸರ್ಕಾರದ ಅಪ್ಪಣೆ ಯಾಕೆ? ಇದೂ ಒಂಥರಾ ಜೀತ ಅಲ್ವಾ?" ಅಂದ. ಆ ಪ್ರಶ್ನೇಲಿ ಹುರುಳಿದೆ. ಸ್ಲೋಗನ್ ಕೂಗಿ ಬಾಯಿ ಮುಚ್ಚಿಸೋ ಪ್ರಶ್ನೆ ಅಲ್ಲ.

1978ರ ಪಿಟಿಸಿಎಲ್ ಕಾಯ್ದೆ, ದೇವರಾಜ ಅರಸು ಕಾಲದ್ದು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಷರತ್ತು ಮೀರಿ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೇ ಅಸಿಂಧು. ಎಸಿ ಕೋರ್ಟಿಗೆ ಅರ್ಜಿ ಹಾಕಿದರೆ ಜಮೀನು ವಾಪಸ್. ಯಾಕೆ ಬಂತು ಈ ಕಾಯ್ದೆ? ಹೆಬ್ಬೆಟ್ಟು ಒತ್ತಿಸ್ಕೊಂಡು ಮದುವೆ ಸಾಲಕ್ಕೆ, ಆಸ್ಪತ್ರೆ ಸಾಲಕ್ಕೆ, ಹೆಂಡದ ಬಾಕಿಗೆ ಜಮೀನು ಬರೆಸ್ಕೊಂಡಿದ್ದರು. ಕಾಗದದ ಮೇಲೆ ಎಲ್ಲಾ ಸ್ವಇಚ್ಛೆಯ ಕ್ರಯವೇ. ಲಿಬರ್ಟೇರಿಯನ್ ಲೆಕ್ಕದಲ್ಲಿ ಮಾರೋನು ಒಪ್ಪಿದ, ಕೊಳ್ಳೋನು ಒಪ್ಪಿದ, ಮೂರನೆಯವರಿಗೆ ಏನು ಕೆಲಸ? ಆದರೆ ಬೆಳಿಗ್ಗೆ ಅದೇ ಗೌಡರ ಹೊಲದಲ್ಲಿ ಕೂಲಿಗೆ ನಿಲ್ಲಬೇಕಾದವನು ರಾತ್ರಿ ಅವರ ಜಗಲಿ ಕೆಳಗೆ ನಿಂತು ಹೂಂ ಅಂದಿದ್ದನ್ನ ಒಪ್ಪಿಗೆ ಅಂತ ಕರೆಯೋದಾ? 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನ ಎತ್ತಿಹಿಡೀತು. 2017ರಲ್ಲಿ ಅದೇ ಕೋರ್ಟು, ತುಂಬಾ ತಡವಾಗಿ ಬಂದ ಅರ್ಜಿ ಒಪ್ಪಲ್ಲ ಅಂತು. ಅದನ್ನ ಹ್ಯಾಂಡಲ್ ಮಾಡ್ಕೊಂಡು ಎಷ್ಟೋ ಕೇಸು ವಜಾ ಆದವು. ನಮ್ಮ ಸಂಘಟನೆಗಳು ವರ್ಷಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು.

ಇಷ್ಟು ಹೇಳಿದ ಮೇಲೂ ಹುಡುಗನ ಮಾತಲ್ಲಿ ಎರಡು ನಿಜ ಉಳಿಯುತ್ತೆ. ಒಂದು, ಪೂರ್ವಾನುಮತಿ ಅನ್ನೋದು ನಿಜವಾಗಿ ಕಷ್ಟದಲ್ಲಿರೋನಿಗೆ ಸಿಗಲ್ಲ. ಮಗಳ ಮೆಡಿಕಲ್ ಸೀಟಿಗೆ ಮಾರಬೇಕು ಅನ್ನೋನ ಫೈಲು ಕೂತಿರುತ್ತೆ, ಬ್ರೋಕರ್ ಹಿಡ್ಕೊಂಡು ಬಂದ ಫೈಲು ಓಡುತ್ತೆ. ಕಾಯ್ದೆ ಇರೋ ಕಾರಣ ನೇರ ಕೊಳ್ಳೋರು ಹೆದರ್ತಾರೆ, ಅಗ್ರಿಮೆಂಟು, ಜಿಪಿಎ ಅಂತ ಅರ್ಧ ಬೆಲೆಗೆ ಕಳ್ಳದಾರೀಲಿ ಹೋಗುತ್ತೆ. ಶೆಣೈ ಇದ್ದಿದ್ದರೆ "ನಾನು ಹೇಳಿರಲಿಲ್ವಾ" ಅಂತಿದ್ದರು. ಎರಡನೆಯದು ಇನ್ನೂ ಗಟ್ಟಿ: ನಾವು ಮಾರಬಾರದು, ಆದರೆ ಸರ್ಕಾರ ಕಿತ್ಕೋಬಹುದು! ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳೀಲಿ 1,777 ಎಕರೆಗೆ ಕೆಐಎಡಿಬಿ ನೋಟೀಸು ಕೊಟ್ಟಿತು. ಅದರಲ್ಲಿ ದಲಿತರ ಮಂಜೂರಾತಿ ಜಮೀನೂ ಇತ್ತು. 2022ರ ಏಪ್ರಿಲಿಂದ ರೈತರು ಕೂತರು, ಮೂರು ವರ್ಷಕ್ಕೂ ಹೆಚ್ಚು ಕಾಲ. 2025ರ ಜುಲೈ 15ಕ್ಕೆ ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟಿದ್ದೀವಿ ಅಂದರು. ಆ ಧರಣೀಲಿ ಕೇಳಿದ್ದ ಮಾತು "ನಮ್ಮ ಭೂಮಿ ನಮ್ಮದು" ಅಂತ. ಪಕ್ಕಾ ಲಿಬರ್ಟೇರಿಯನ್ ಮಾತು, ಕೆಂಪು ಬಾವುಟ, ನೀಲಿ ಬಾವುಟ, ಹಸಿರು ಟವೆಲ್ಲು ಎಲ್ಲರ ಬಾಯಲ್ಲಿ. ಆದರೆ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದು ಕೃಷಿ ಭೂಮಿಯನ್ನ ಯಾರು ಬೇಕಾದರೂ ಕೊಳ್ಳಬಹುದು ಅಂತ ಮಾಡಿದಾಗ 'ರೈತನಿಗೆ ಸ್ವಾತಂತ್ರ್ಯ' ಅಂತ ಹಾಡಿ ಹೊಗಳಿದ ಪುಸ್ತಕದ ಲಿಬರ್ಟೇರಿಯನ್ನರು ಒಬ್ಬರೂ ಆ ಪೆಂಡಾಲಲ್ಲಿ ನನಗೆ ಕಾಣಲಿಲ್ಲ.

ನನ್ನ ನಿಲುವು ಕೇಳಿದರೆ: ಪಿಟಿಸಿಎಲ್ ಬೇಲಿ ಇರಲಿ. ಆದರೆ ಬೇಲಿಯ ಗೇಟಿನ ಕೀಲಿ ಅಧಿಕಾರಿಯ ಮರ್ಜೀಲಿ ಇರಬಾರದು. ಅರ್ಜಿ ಹಾಕಿದ ಮೇಲೆ ಇಷ್ಟು ದಿನದಲ್ಲಿ ಕಾರಣ ಬರೆದು ಉತ್ತರ ಕೊಡಬೇಕು. ಮಾರೋದು ಅನಿವಾರ್ಯ ಅಂದವರಿಗೆ ಮಾರುಕಟ್ಟೆ ಬೆಲೆ ಕೊಟ್ಟು ಸರ್ಕಾರವೇ ಕೊಂಡು ಇನ್ನೊಬ್ಬ ಭೂಹೀನ ದಲಿತರಿಗೆ ಕೊಡಬೇಕು. ಮಂಜೂರಾತಿ ಜಮೀನನ್ನ ಕೆಐಎಡಿಬಿ ಮುಟ್ಟೋ ಹಾಗಿಲ್ಲ ಅಂತ ಅದೇ ಕಾಯ್ದೇಲಿ ಬರೀಬೇಕು. ಕೊಳ್ಳೋ ಬಲಾಢ್ಯನ ಕೈಯನ್ನೂ ಕಟ್ಟಬೇಕು, ಸರ್ಕಾರದ ಕೈಯನ್ನೂ ಕಟ್ಟಬೇಕು. ಒಪ್ಪದವರು ವಾದ ಮಾಡಿ, ಕೇಳ್ತೀನಿ.

ಶಿಡ್ಲಘಟ್ಟದ ಜಂಗಮಕೋಟೆ ಹೋಬಳೀಲೂ ಈಗ ಕೆಐಎಡಿಬಿ ವಿಷಯಕ್ಕೆ ಗಲಾಟೆ ಇದೆ, ಕೊಡ್ತೀವಿ ಅನ್ನೋರೂ ಇದ್ದಾರೆ, ಕೊಡಲ್ಲ ಅನ್ನೋರೂ ಇದ್ದಾರೆ. ಆ ಕಡೆ, ನಂದಿ ಕಡೆ ಗ್ರ್ಯಾಂಟ್ ಜಮೀನಿರೋ ನಮ್ಮೋರು ವಾದಕ್ಕಿಂತ ಮುಂಚೆ ಒಂದು ಕೆಲಸ ಮಾಡಿ. ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಮ್ಯುಟೇಷನ್ನು ಮೂರರದ್ದೂ ದೃಢೀಕೃತ ನಕಲು ತಾಲ್ಲೂಕು ಕಚೇರಿಯಿಂದ ತೆಗೆಸಿಟ್ಟುಕೊಳ್ಳಿ. ಷರತ್ತು ಏನಿದೆ, ಎಷ್ಟು ವರ್ಷಕ್ಕಿದೆ ಅನ್ನೋದು ಆದೇಶದಲ್ಲೇ ಇರುತ್ತೆ, ಒಂದೊಂದು ಕಾಲದ್ದು ಒಂದೊಂದು ಥರ. ಹೆಚ್ಚಿನವರ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ, ಪೌತಿ ಖಾತೆ ಆಗಿಲ್ಲ. ಅರ್ಜಿ ಬರೆಯೋಕೆ ಬರಲ್ಲ ಅನ್ನೋರು ಭಾನುವಾರ ಮಧ್ಯಾಹ್ನದ ಮೇಲೆ ಬನ್ನಿ, ನಾನು ಮನೇಲೇ ಇರ್ತೀನಿ. ಸರ್ವೆ ನಂಬರ್ ಮರೀದೆ ತನ್ನಿ.

ಜೈ ಭೀಮ್.